ಲಾರಿ ಡೀಸೆಲ್ ಜಾಸ್ತಿ ಕುಡಿಯುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಲಾರಿ ಓಡಿಸುವವರು, ಗಾಡಿ ಇಟ್ಟುಕೊಂಡವರು, ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ. ಎಲ್ಲವನ್ನೂ ಓದಬೇಕಿಲ್ಲ, ನಿಮ್ಮ ಗಾಡಿಯ ತೊಂದರೆ ಯಾವುದೋ ಅದಕ್ಕೇ ನೇರವಾಗಿ ಹೋಗಬಹುದು.

## ಶುರು ಮಾಡುವವರಿಗೆ

ನಮ್ಮ ಗಾಡಿ ನಿಜವಾಗಲೂ ಜಾಸ್ತಿ ಕುಡೀತಿದೆಯಾ, ಇಲ್ಲಾ ಸುಮ್ನೆ ನನಗೆ ಹಾಗೆ ಅನ್ನಿಸ್ತಿದೆಯಾ?

ಅಳೆಯದೆ ಗೊತ್ತಾಗುವುದಿಲ್ಲ. ಟ್ಯಾಂಕ್ ಫುಲ್ ಮಾಡಿ, ಓಡಿಸಿ, ಮತ್ತೆ ಫುಲ್ ಮಾಡಿ. ಹಾಕಿದ ಲೀಟರಿನಿಂದ ಓಡಿದ ಕಿಲೋಮೀಟರನ್ನು ಭಾಗಿಸಿ. ಆದರೆ ಒಂದೇ ಸಲದ ಲೆಕ್ಕ ನಂಬಬೇಡಿ. ಉದ್ದದ ಟ್ಯಾಂಕು ಸ್ವಲ್ಪ ಇಳಿಜಾರಿನಲ್ಲಿ ನಿಂತರೂ ಹತ್ತಾರು ಲೀಟರ್ ಆಚೀಚೆ ಆಗಬಹುದು. ನೊರೆ ಇಳಿಯುವ ಮೊದಲೇ ಬಂಕಿನ ನಾಝಲ್ ನಿಂತರೂ ಅಷ್ಟೇ. ಒಂದೇ ಬಂಕು, ಒಂದೇ ಜಾಗ, ನಾಲ್ಕೈದು ಸಲ ತುಂಬಿಸಿ ಒಟ್ಟು ಲೆಕ್ಕ ಹಾಕಿ. ಪಕ್ಕದಲ್ಲಿ ಲೋಡು ಎಷ್ಟಿತ್ತು, ಘಟ್ಟ ಇತ್ತಾ, ಎಷ್ಟು ಹೊತ್ತು ನಿಂತಲ್ಲೇ ಎಂಜಿನ್ ಓಡಿತು ಅಂತ ಬರೆಯಿರಿ. ದೊಡ್ಡ ಲಾರಿಯ ಎಂಜಿನ್ ನಿಂತಲ್ಲೇ ಓಡಿದರೆ ಗಂಟೆಗೆ 2 ರಿಂದ 3 ಲೀಟರ್ ಹೋಗುತ್ತದೆ.

ಬೇರೆಯವರ ಗಾಡಿಯ ಜೊತೆ ಹೋಲಿಸಬೇಡಿ. ನಿಮ್ಮದೇ ಗಾಡಿಯ ಹಳೆಯ ಲೆಕ್ಕದ ಜೊತೆ ಹೋಲಿಸಿ.

ಹೊಸ ಟೈರ್ ಹಾಕಿದ ಮೇಲೇ ಮೈಲೇಜ್ ಬಿತ್ತು. ಟೈರ್ ಸರಿ ಇಲ್ವಾ?

ಟೈರು ಸರಿಯೇ ಇರಬಹುದು. ಇಲ್ಲಿ ಎರಡು ಸಂಗತಿ ಸೇರಿಕೊಂಡಿವೆ.

ಒಂದು, ಮೀಟರಿನ ಲೆಕ್ಕ. ಸವೆದ ಟೈರಿನ ಸುತ್ತಳತೆ ಕಮ್ಮಿ. ಹಾಗಾಗಿ ಅಷ್ಟೇ ದೂರಕ್ಕೆ ಅದು ಜಾಸ್ತಿ ಸುತ್ತು ಹೊಡೆಯುತ್ತದೆ. ಮೀಟರ್ ಎಣಿಸುವುದು ಸುತ್ತನ್ನು, ರಸ್ತೆಯನ್ನಲ್ಲ. ಸುಮಾರು 1 ಮೀಟರ್ ವ್ಯಾಸದ ಟೈರಿನಲ್ಲಿ 12 ಮಿಲಿಮೀಟರ್ ರಬ್ಬರ್ ಸವೆದರೆ ಸುತ್ತಳತೆ ಶೇಕಡಾ 2 ರ ಆಸುಪಾಸು ಕಮ್ಮಿಯಾಗುತ್ತದೆ. ಅಂದರೆ ಹಳೇ ಟೈರಿನಲ್ಲಿ ಮೀಟರ್ 10,000 ಕಿಲೋಮೀಟರ್ ತೋರಿಸಿದಾಗ ಗಾಡಿ ನಿಜವಾಗಿ ಓಡಿದ್ದು ಸುಮಾರು 9,800. ಹೊಸ ಟೈರು ಬಂದ ಮೇಲೆ ಆ ಪುಕ್ಕಟೆ ಕಿಲೋಮೀಟರ್ ಹೋಯಿತು.

ಎರಡನೆಯದು ನಿಜವಾದ ಖರ್ಚು. ಹೊಸ ಟೈರಿನ ದಪ್ಪ ರಬ್ಬರ್ ಪ್ರತಿ ಸುತ್ತಿಗೂ ಜಾಸ್ತಿ ನುಲಿಯುತ್ತದೆ, ಬಿಸಿಯಾಗುತ್ತದೆ. ಟೈರು ಸವೆಯುತ್ತಾ ಇದು ತಾನಾಗಿ ಕಮ್ಮಿಯಾಗುತ್ತದೆ.

ಎಲ್ಲಿಂದ ಚೆಕ್ ಮಾಡಬೇಕು? ಮೊದಲು ಪಂಪು, ನಾಝಲ್ ಬಿಚ್ಚಿಸಿಬಿಡಲಾ?

ದಯವಿಟ್ಟು ಬೇಡ. ನಾನು ಅತಿ ಹೆಚ್ಚು ನೋಡಿರುವ ತಪ್ಪು ಇದೇ. ಮೈಲೇಜ್ ಬಿದ್ದ ಕೂಡಲೇ ಎಂಜಿನ್ನಿಗೆ ಡೀಸೆಲ್ ಒತ್ತುವ ಪಂಪಿಗೆ, ಒಳಗೆ ಸಿಂಪಡಿಸುವ ನಾಝಲಿಗೆ ಕೈ ಹಾಕುತ್ತಾರೆ. ಖರ್ಚೂ ಆಗುತ್ತದೆ, ಚೆನ್ನಾಗಿದ್ದ ಸೆಟ್ಟಿಂಗೂ ಕೆಡುತ್ತದೆ. ಕೊನೆಗೆ ನೋಡಿದರೆ ಹಿಂದಿನ ಚಕ್ರದಲ್ಲಿ ಬ್ರೇಕ್ ಹಿಡಿದುಕೊಂಡಿರುತ್ತದೆ.

ಒಂದು ಮಾತು ನೆನಪಿಡಿ: ಡೀಸೆಲ್ ಮಾಯವಾಗುವುದಿಲ್ಲ. ಸೋರಿ ಹೋಗದಿದ್ದರೆ ಅದು ಎಲ್ಲೋ ಒಂದು ಕಡೆ ಬಿಸಿಯಾಗಿ ಹೊರಗೆ ಬರುತ್ತಿದೆ. ಬ್ರೇಕ್ ಡ್ರಮ್ಮಿನಲ್ಲಿ, ಟೈರಿನಲ್ಲಿ, ಹೌಸಿಂಗಿನಲ್ಲಿ (ಹಿಂದಿನ ಆಕ್ಸಲಿನ ಗೇರು ಇರುವ ಡಬ್ಬಿ), ಸೈಲೆನ್ಸರಿನಲ್ಲಿ. 1 ಲೀಟರ್ ಡೀಸೆಲಿನಲ್ಲಿ ಸುಮಾರು 10 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. ಒಳ್ಳೇ ಎಂಜಿನ್ ಕೂಡ ಅದರಲ್ಲಿ ಸುಮಾರು 4 ಯೂನಿಟ್ಟನ್ನು ಮಾತ್ರ ಕೆಲಸಕ್ಕೆ ತರುತ್ತದೆ. ಹಾಗಾಗಿ ಚಕ್ರದ ಹತ್ತಿರ ಪೋಲಾಗುವ ಪ್ರತಿ ಯೂನಿಟ್ಟಿಗೂ ಟ್ಯಾಂಕಿನಲ್ಲಿ ಎರಡೂವರೆ ಪಟ್ಟು ಹೋಗುತ್ತದೆ. ಅದಕ್ಕೇ ಹುಡುಕಾಟ ಚಕ್ರದಿಂದ ಶುರುವಾಗಲಿ. ಅಲ್ಲಿ ಬಿಚ್ಚುವುದೂ ಸುಲಭ.

ಹೊಗೆ ನೋಡಿ ಏನಾದ್ರೂ ಹೇಳಬಹುದಾ?

ಹೇಳಬಹುದು. ಕಪ್ಪು ಹೊಗೆ ಅಂದರೆ ಡೀಸೆಲ್ ಇದೆ, ಅದಕ್ಕೆ ತಕ್ಕ ಗಾಳಿ ಇಲ್ಲ. ಬಿಳಿ ಹೊಗೆ, ಅದೂ ಕಣ್ಣು ಉರಿಯುವಂಥದ್ದು, ಸುಡದೆ ಹೊರಗೆ ಬಂದ ಡೀಸೆಲ್. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದು. ಡಿಪಿಎಫ್ ಅನ್ನುವ ಹೊಗೆ ಫಿಲ್ಟರ್ ಇರುವ ಹೊಸ ಗಾಡಿಗಳಲ್ಲಿ ಮಾತ್ರ ಈ ಗುರುತು ನಂಬಬೇಡಿ. ಮಸಿಯನ್ನೆಲ್ಲ ಫಿಲ್ಟರ್ ಒಳಗೇ ಹಿಡಿದಿಡುತ್ತದೆ. ಒಳಗೆ ತೊಂದರೆ ಬೆಳೆಯುತ್ತಿದ್ದರೂ ಹೊರಗೆ ಹೊಗೆ ಕಾಣುವುದಿಲ್ಲ.

## ಚಕ್ರ ಮತ್ತು ಬ್ರೇಕು

ಟೈರಲ್ಲಿ ಸ್ವಲ್ಪ ಗಾಳಿ ಕಮ್ಮಿ ಇದ್ರೆ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಎಲ್ಲಾ ಟೈರಿನಲ್ಲೂ 10 ಪಿಎಸ್‌ಐ ಕಮ್ಮಿಯಾದರೆ ಡೀಸೆಲ್ ಖರ್ಚು ಅರ್ಧದಿಂದ 1 ಶೇಕಡಾ ಏರುತ್ತದೆ. ಸಣ್ಣದು ಅನ್ನಿಸಬಹುದು. ಆದರೆ ದಿನಾ ಓಡುವ ಗಾಡಿಗೆ ಇದು ದಿನಾ ಬೀಳುವ ಹೊರೆ. ಟೈರಿನ ಆಯುಸ್ಸು ಕಮ್ಮಿಯಾಗುವುದು ಬೇರೆ.

ನಿಜವಾದ ತೊಂದರೆ ಜೋಡಿ ಟೈರಿನ ಒಳಗಿನದ್ದು. ವಾಲ್ವ್ ಕೈಗೆ ಸಿಗುವುದಿಲ್ಲ ಅಂತ ಯಾರೂ ನೋಡುವುದಿಲ್ಲ. ಒಳಗಿನದು ಇಳಿದರೆ ಹೊರಗಿನದು ಭಾರವನ್ನೆಲ್ಲ ಹೊರುತ್ತದೆ. ಎರಡೂ ಒಂದೇ ಹಬ್ಬಿಗೆ ಕಟ್ಟಿದ್ದರಿಂದ ಸಣ್ಣದಾದ ಟೈರು ಇಡೀ ದಾರಿ ರಸ್ತೆಗೆ ಉಜ್ಜಿಕೊಂಡೇ ಹೋಗುತ್ತದೆ. ಹಳೆಯದೊಂದು ಹೊಸದೊಂದು ಜೋಡಿ ಹಾಕಿದರೂ ಇದೇ ಕಥೆ.

ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲೇ ನೋಡಿ. ಓಡಿ ಬಿಸಿಯಾದ ಟೈರು ಜಾಸ್ತಿ ತೋರಿಸುತ್ತದೆ. ಅದನ್ನು ನೋಡಿ ಗಾಳಿ ಬಿಡಬೇಡಿ. ಕೋಲಿನಿಂದ ಬಡಿದು ನೋಡಿದರೆ ಪಂಕ್ಚರ್ ಗೊತ್ತಾಗಬಹುದು, 20 ಪಿಎಸ್‌ಐ ಕಮ್ಮಿ ಇರುವುದು ಗೊತ್ತಾಗುವುದಿಲ್ಲ. ಗೇಜ್ ಇಟ್ಟುಕೊಳ್ಳಿ.

ಬ್ರೇಕ್ ಹಿಡ್ಕೊಂಡಿದ್ರೆ ಓಡಿಸೋನಿಗೆ ಗೊತ್ತಾಗಲ್ವಾ?

ಗಟ್ಟಿಯಾಗಿ ಹಿಡಿದರೆ ಗೊತ್ತಾಗುತ್ತದೆ. ಮೆಲ್ಲಗೆ ಹಿಡಿದರೆ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಡೀಸೆಲ್ ತಿನ್ನುವುದು ಈ ಮೆಲ್ಲಗಿನ ಹಿಡಿತವೇ.

ಲೆಕ್ಕ ನೋಡಿ. ಒಂದೇ ಒಂದು ಚಕ್ರದಲ್ಲಿ 30 ಕೆಜಿ ಭಾರದಷ್ಟು ಎಳೆತ ಇದೆ ಅಂದುಕೊಳ್ಳಿ. 60 ಕಿಲೋಮೀಟರ್ ವೇಗದಲ್ಲಿ ಅದಕ್ಕೆ ಸುಮಾರು 5 ಕಿಲೋವ್ಯಾಟ್ ಬೇಕು. ಅಂದರೆ ಗಂಟೆಗೆ ಒಂದೂಕಾಲು ಲೀಟರಿನಷ್ಟು ಡೀಸೆಲ್. ಲೀಟರಿಗೆ 4 ಕಿಲೋಮೀಟರ್ ಕೊಡುವ ಗಾಡಿ ಆ ಗಂಟೆಯಲ್ಲಿ 15 ಲೀಟರ್ ಕುಡಿಯುತ್ತದೆ. ಅದರ ಮೇಲೆ ಇದು ಶೇಕಡಾ 8. ಒಂದು ಚಕ್ರದಿಂದ! 10 ಟನ್ನು, 20 ಟನ್ನು ಎಳೆಯುವ ಗಾಡಿಯಲ್ಲಿ ಕೂತವರಿಗೆ 30 ಕೆಜಿ ಎಳೆತ ಕಾಲಿಗೂ ತಿಳಿಯುವುದಿಲ್ಲ, ಕಿವಿಗೂ ತಿಳಿಯುವುದಿಲ್ಲ.

ಹುಡುಕುವುದು ಹೀಗೆ. ಬ್ರೇಕ್ ಜಾಸ್ತಿ ಬಳಸದೆ 20 ಕಿಲೋಮೀಟರ್ ಓಡಿಸಿ. ತಾನಾಗಿ ವೇಗ ಇಳಿಯಲು ಬಿಟ್ಟು ನಿಲ್ಲಿಸಿ. ದೂರದಿಂದಲೇ ಬಿಸಿ ತೋರಿಸುವ ಥರ್ಮಾಮೀಟರ್ ಹಿಡಿದು ಎಲ್ಲಾ ಡ್ರಮ್ ನೋಡಿ. ಒಂದೇ ಆಕ್ಸಲಿನ ಎಡ ಬಲ ಹೋಲಿಸಿ. ಒಂದು ಕಡೆ ಇನ್ನೊಂದಕ್ಕಿಂತ 30 ಡಿಗ್ರಿ ಜಾಸ್ತಿ ಇದ್ದರೆ ಅಲ್ಲೇ ಅನುಮಾನ. ಥರ್ಮಾಮೀಟರ್ ಇಲ್ಲದಿದ್ದರೆ ಅಂಗೈಯನ್ನು ಹತ್ತಿರ ತನ್ನಿ, ಮುಟ್ಟಬೇಡಿ. ಆಮೇಲೆ ಉಳಿದ ಚಕ್ರಗಳಿಗೆ ಗಟ್ಟಿಯಾಗಿ ಅಡ್ಡ ಕಟ್ಟೆ ಇಟ್ಟು, ಆ ಚಕ್ರವನ್ನು ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು, ಗೇರು ನ್ಯೂಟ್ರಲಿಗೆ ತಂದು, ಕೈಯಲ್ಲಿ ತಿರುಗಿಸಿ ನೋಡಿ.

ಕಾರಣಗಳು ಹಲವು. ಬ್ರೇಕಿನ ಬಿಗಿ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಜಾಸ್ತಿ ಬಿಗಿದಿರುತ್ತದೆ. ಬ್ರೇಕ್ ಲೈನರನ್ನು ಅಗಲಿಸುವ ಕ್ಯಾಮ್ ಶಾಫ್ಟಿನ ಬುಷ್ ಗ್ರೀಸ್ ಕಾಣದೆ ಒಣಗಿರುತ್ತದೆ. ಲೈನರ್ ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಸೋತಿರುತ್ತದೆ. ಬ್ರೇಕಿಗೆ ಗಾಳಿ ಕಳಿಸಿ, ಬಿಟ್ಟಾಗ ಹೊರಗೆ ಬಿಡುವ ರಿಲೇ ವಾಲ್ವಿನಿಂದ ಗಾಳಿ ಹೊರಗೆ ಹೋಗುವ ಬಾಯಿಗೆ ಕೆಸರು ಮೆತ್ತಿರುತ್ತದೆ. ಸ್ಪ್ರಿಂಗ್ ಬ್ರೇಕಿನಲ್ಲಿ ಇನ್ನೊಂದು ವಿಷಯ ಇದೆ. ಹ್ಯಾಂಡ್ ಬ್ರೇಕಿನ ಸ್ಪ್ರಿಂಗನ್ನು ಹಿಂದಕ್ಕೆ ತಳ್ಳಿ ಹಿಡಿಯುವುದು ಗಾಳಿ. ಬೂಸ್ಟರಿಗೆ (ಆ ಸ್ಪ್ರಿಂಗ್ ಇರುವ ಗಾಳಿ ಡಬ್ಬಿಗೆ) ಹೋಗುವ ಒತ್ತಡ ಸುಮಾರು 60 ಪಿಎಸ್‌ಐಗಿಂತ ಕೆಳಗಿದ್ದರೆ ಸ್ಪ್ರಿಂಗ್ ಪೂರ್ತಿ ಹಿಂದೆ ಸರಿಯುವುದಿಲ್ಲ. ಗಾಳಿ ತುಂಬುವ ಮೊದಲೇ ಗಾಡಿ ಎಬ್ಬಿಸಬೇಡಿ ಅನ್ನುವುದು ಇದಕ್ಕೇ.

ಬ್ರೇಕ್ ಸಡಿಲ ಮಾಡಿ ಡೀಸೆಲ್ ಉಳಿಸುತ್ತೇನೆ ಅನ್ನುವವರೂ ಇದ್ದಾರೆ. ಆ ಕೆಲಸ ಮಾಡಬೇಡಿ, ಜೀವದ ವಿಷಯ. ಬ್ರೇಕು ಪೂರ್ತಿ ಹಿಡಿಯಬೇಕು, ಬಿಟ್ಟಾಗ ಪೂರ್ತಿ ಬಿಡಬೇಕು.

ಗಾಡಿ ನೇರ ಹೋಗ್ತಿದೆ, ಆದ್ರೂ ಅಲೈನ್‌ಮೆಂಟ್ ಮಾಡಿಸಬೇಕಾ?

ನೇರ ಹೋಗುತ್ತಿದೆ ಅಂದರೆ ಎಲ್ಲವೂ ನೆಟ್ಟಗಿದೆ ಅಂತ ಅಲ್ಲ. ಹಿಂದಿನ ಎರಡು ಆಕ್ಸಲ್ ಒಂದಕ್ಕೊಂದು ಓರೆಯಾಗಿದ್ದರೂ ಸ್ಟೇರಿಂಗ್ ಸ್ವಲ್ಪ ತಿರುಗಿಸಿ ಹಿಡಿದರೆ ಗಾಡಿ ನೇರವಾಗಿಯೇ ಹೋಗುತ್ತದೆ. ಟೈರುಗಳು ಮಾತ್ರ ಅಡ್ಡಡ್ಡ ಉಜ್ಜುತ್ತಿರುತ್ತವೆ. ನೇರ ರಸ್ತೆಯಲ್ಲಿ ಸ್ಟೇರಿಂಗಿನ ಕಡ್ಡಿ ಓರೆಯಾಗಿ ನಿಂತರೆ ಅದೇ ಗುರುತು.

ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ ಸವರಿ. ಒಂದು ಕಡೆಗೆ ನಯ, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ತಾಗಿದರೆ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿ ನಿಂತಿರುವ ಅಳತೆ) ಕೆಟ್ಟಿದೆ. ಜೋಡಿ ಆಕ್ಸಲಿದ್ದರೆ ಎರಡು ಹಬ್ಬಿನ ನಡುವಿನ ದೂರವನ್ನು ಎಡಕ್ಕೂ ಬಲಕ್ಕೂ ಟೇಪ್ ಹಿಡಿದು ಅಳೆಯಿರಿ. 3 ಮಿಲಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸರಿ ಮಾಡಿಸಿ. ಮೊದಲು ಸ್ಪ್ರಿಂಗ್ ಪ್ಲೇಟಿನ ಸೆಂಟರ್ ಬೋಲ್ಟ್, ಆಕ್ಸಲನ್ನು ಜಾಗದಲ್ಲಿ ಹಿಡಿಯುವ ಟಾರ್ಕ್ ರಾಡಿನ ಬುಷ್ ನೋಡಿ. ಅವು ಸವೆದಿದ್ದರೆ ಅಲೈನ್‌ಮೆಂಟ್ ವಾರವೂ ನಿಲ್ಲುವುದಿಲ್ಲ.

ವೀಲ್ ಬೇರಿಂಗ್ ಬಿಗಿ ಮಾಡಿದ್ರೆ ಮೈಲೇಜ್ ಕಮ್ಮಿ ಆಗುತ್ತಾ?

ಆಗುತ್ತದೆ. ಆದರೆ ಬೇರಿಂಗ್ ಸುಟ್ಟು ಹೋಗುವ ಅಪಾಯವೇ ಅದಕ್ಕಿಂತ ದೊಡ್ಡದು. ಗ್ರೀಸನ್ನು ಹಬ್ಬಿನ ತುಂಬ ತುರುಕಿದರೂ ಅದು ಒಳಗೇ ಕಲಸಿ ಬಿಸಿಯಾಗುತ್ತದೆ. ತಯಾರಕರು ಹೇಳಿದ ಬಿಗಿ, ಹೇಳಿದಷ್ಟು ಗ್ರೀಸ್, ಅಷ್ಟೇ.

## ಎಂಜಿನ್ನಿನ ಗಾಳಿ ಮತ್ತು ಬಿಸಿ

ಏರ್ ಫಿಲ್ಟರ್‌ಗೆ ಗಾಳಿ ಹೊಡೆದು ಮತ್ತೆ ಹಾಕಿದ್ರೆ ಸಾಕಲ್ವಾ?

ಜೋರು ಗಾಳಿ ಹೊಡೆದರೆ ಪೇಪರಿನಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಆ ತೂತಿನಿಂದ ಹೋದ ದೂಳು ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೋದ ರೆಕ್ಕೆ, ಪಿಸ್ಟನ್ ರಿಂಗು, ಸಿಲಿಂಡರ್ ಲೈನರ್ ಎಲ್ಲವನ್ನೂ ತೇಯುತ್ತದೆ. ಬಲ್ಬ್ ಒಳಗಿಟ್ಟು ಕತ್ತಲಲ್ಲಿ ನೋಡಿದರೆ ದೊಡ್ಡ ತೂತು ಕಾಣಬಹುದು, ಸಣ್ಣದು ಕಾಣುವುದಿಲ್ಲ.

ಫಿಲ್ಟರ್ ಡಬ್ಬಿಯ ಹತ್ತಿರ ಒಂದು ಸಣ್ಣ ಇಂಡಿಕೇಟರ್ ಇರುತ್ತದೆ. ಎಳೆತ ಜಾಸ್ತಿಯಾದಾಗ ಕೆಂಪು ತೋರಿಸುತ್ತದೆ. ಹಲವು ಟರ್ಬೋ ಎಂಜಿನ್ನುಗಳಲ್ಲಿ ಈ ಮಿತಿ ಸುಮಾರು 25 ಇಂಚು ನೀರಿನ ಒತ್ತಡದಷ್ಟು. ಕೆಂಪು ಬಂದಾಗ ಬದಲಿಸಿ. ಕೆಂಪು ಬರದೆ ದಿನಾ ತೆಗೆದು ಹಾಕುವುದೂ ಒಳ್ಳೆಯದಲ್ಲ. ತೆಗೆದಾಗಲೆಲ್ಲ ಒಂದಿಷ್ಟು ದೂಳು ಒಳಗೆ ಉದುರುತ್ತದೆ.

ಲೋಡಲ್ಲಿ ಪಿಕಪ್ ಇಲ್ಲ, ಕಪ್ಪು ಹೊಗೆ. ಟರ್ಬೋ ಹೋಗಿದೆಯಾ?

ಹೋಗಿರಬಹುದು. ಆದರೆ ಮೊದಲು ಟರ್ಬೋದಿಂದ ಆ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಪೈಪು ನೋಡಿ. ಹೋಸ್ ಸೀಳಿರುತ್ತದೆ, ಕ್ಲಾಂಪ್ ಸಡಿಲವಾಗಿರುತ್ತದೆ, ಇಲ್ಲವೇ ಇಂಟರ್‌ಕೂಲರಿನ ಮೂಲೆಯಲ್ಲಿ ಬಿರುಕು ಇರುತ್ತದೆ. ನಿಂತಲ್ಲಿ ರೇಸ್ ಮಾಡಿದರೆ ಸಿಗುವುದಿಲ್ಲ. ಲೋಡಿನಲ್ಲಿ ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಸೇರುವ ಜಾಗದಲ್ಲಿ ಎಣ್ಣೆಯ ಪಸೆಗೆ ದೂಳು ಮೆತ್ತಿ ಕಪ್ಪಾಗಿದ್ದರೆ ಅದು ಸೋರುವ ಗುರುತು.

ಖಚಿತ ಮಾಡಿಕೊಳ್ಳಲು ಇಂಟರ್‌ಕೂಲರಿನ ಎರಡೂ ಬಾಯಿ ಮುಚ್ಚಿ 30 ಪಿಎಸ್‌ಐ ಗಾಳಿ ತುಂಬಿಸುತ್ತಾರೆ. ಮುಚ್ಚಳ ಸಿಡಿಯದ ಹಾಗೆ ಸರಪಳಿ ಕಟ್ಟಲೇಬೇಕು. 15 ಸೆಕೆಂಡಿನಲ್ಲಿ 5 ಪಿಎಸ್‌ಐಗಿಂತ ಜಾಸ್ತಿ ಇಳಿದರೆ ಇಂಟರ್‌ಕೂಲರ್ ಸರಿ ಇಲ್ಲ. ಅಲ್ಲಿ ಏನೂ ಸಿಗದಿದ್ದರೆ ಆಗ ಟರ್ಬೋ ಬಿಚ್ಚಿ: ಶಾಫ್ಟಿನ ಆಟ, ರೆಕ್ಕೆಯ ಅಂಚು, ಮಸಿ ಕಟ್ಟಿ ಅಂಟಿಕೊಂಡ ವೇಸ್ಟ್‌ಗೇಟ್ (ಜಾಸ್ತಿಯಾದ ಹೊಗೆಯನ್ನು ಟರ್ಬೋ ತಪ್ಪಿಸಿ ಬಿಡುವ ಬಾಗಿಲು).

ರೇಡಿಯೇಟರ್ ಫ್ಯಾನ್ ಯಾವಾಗಲೂ ಜೋರಾಗಿ ತಿರುಗ್ತಾನೇ ಇರುತ್ತೆ. ಅದು ಒಳ್ಳೇದಲ್ವಾ?

ಅಲ್ಲ. ದೊಡ್ಡ ಲಾರಿಯ ಫ್ಯಾನ್ ಪೂರ್ತಿ ವೇಗದಲ್ಲಿ 20 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ತಿನ್ನಬಹುದು. ಫ್ಯಾನಿನ ವೇಗ ಎರಡು ಪಟ್ಟಾದರೆ ಅದಕ್ಕೆ ಬೇಕಾದ ಶಕ್ತಿ ಎಂಟು ಪಟ್ಟು. ಅದಕ್ಕೇ ಬೇಕಾದಾಗ ಮಾತ್ರ ಹಿಡಿಯುವ ಕ್ಲಚ್ ಇಟ್ಟಿರುತ್ತಾರೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ವಿಸ್ಕಸ್ ಫ್ಯಾನ್ (ಕ್ಲಚ್ಚಿನಲ್ಲಿ ಗಟ್ಟಿ ಎಣ್ಣೆ ಇರುವುದು) ಒಂದೆರಡು ನಿಮಿಷ ಜೋರಾಗಿ ಸದ್ದು ಮಾಡಿ ಆಮೇಲೆ ಸುಮ್ಮನಾಗಬೇಕು. ಸುಮ್ಮನಾಗದೆ ಎಂಜಿನ್ ಜೊತೆಗೇ ಗುಂಯ್ ಅನ್ನುತ್ತಿದ್ದರೆ ಕ್ಲಚ್ ಜಾಮ್ ಆಗಿದೆ. ಕೆಲವರು ಬೋಲ್ಟ್ ಹಾಕಿ ಫ್ಯಾನನ್ನು ಖಾಯಂ ಬಿಗಿದಿರುತ್ತಾರೆ. ಹಳೇ ಗಾಡಿ ತಗೊಂಡರೆ ಇದನ್ನು ಮೊದಲು ನೋಡಿ. ಕ್ಲಚ್ ಸರಿ ಇದ್ದೂ ಫ್ಯಾನ್ ಪದೇ ಪದೇ ಹಿಡಿದರೆ, ಇಂಟರ್‌ಕೂಲರಿಗೂ ರೇಡಿಯೇಟರಿಗೂ ನಡುವೆ ಕಸ, ದೂಳು ಕಟ್ಟಿರುತ್ತದೆ. ಮುಂದಿನಿಂದ ನೋಡಿದರೆ ಅದು ಕಾಣುವುದೇ ಇಲ್ಲ.

ಎಂಜಿನ್ ಬಿಸಿ ಆಗ್ತಿತ್ತು ಅಂತ ಥರ್ಮೋಸ್ಟಾಟ್ ತೆಗೆಸಿದೆ. ಈಗ ಮೈಲೇಜ್ ಇಲ್ಲ. ಸಂಬಂಧ ಇದೆಯಾ?

ನೇರ ಸಂಬಂಧ ಇದೆ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವೇ ಥರ್ಮೋಸ್ಟಾಟ್. ಡೀಸೆಲ್ ಎಂಜಿನ್ 80 ರಿಂದ 95 ಡಿಗ್ರಿಯ ನಡುವೆ ಇದ್ದಾಗ ಚೆನ್ನಾಗಿ ಕೆಲಸ ಮಾಡುತ್ತದೆ. ತಣ್ಣಗೆ ಓಡಿದರೆ ಡೀಸೆಲ್ ಪೂರ್ತಿ ಸುಡುವುದಿಲ್ಲ. ಆಯಿಲ್ ಗಟ್ಟಿಯಾಗಿಯೇ ಇದ್ದು ಎಳೆಯುತ್ತದೆ. ಲೈನರಿನ ಗೋಡೆಗೆ ತಾಗಿದ ಡೀಸೆಲ್ ಆಯಿಲನ್ನು ತೊಳೆದು ರಿಂಗು ಸವೆಸುತ್ತದೆ.

ಇನ್ನೊಂದು ಮಾತು. ಹಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಒಂದಿಷ್ಟು ನೀರು ರೇಡಿಯೇಟರಿಗೆ ಹೋಗದೆ ಅಲ್ಲೇ ಸುತ್ತುತ್ತದೆ. ಘಟ್ಟದಲ್ಲಿ ಬಿಸಿ ಇನ್ನೂ ಜಾಸ್ತಿಯಾಗುತ್ತದೆ. ಹೊಸದು ಹಾಕಿಸಿ, ಬಿಸಿಯಾಗುವ ನಿಜವಾದ ಕಾರಣ ಬೇರೆ ಹುಡುಕಿ.

ಗಾಳಿ ಸೋರಿದ್ರೂ ಡೀಸೆಲ್ ಹೋಗುತ್ತಾ?

ಹೋಗುತ್ತದೆ. ಬ್ರೇಕಿನ ಗಾಳಿ ಸೋರಿದಷ್ಟನ್ನೂ ಕಂಪ್ರೆಸರ್ ಮತ್ತೆ ತುಂಬಬೇಕಲ್ವಾ? ಅದು ತಿರುಗುವುದು ಎಂಜಿನ್ನಿನಿಂದ. ಗಾಳಿ ತುಂಬಿಸಿ, ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಟ್ಟೆ ಕೊಟ್ಟು ಬ್ರೇಕ್ ಬಿಟ್ಟು 1 ನಿಮಿಷ ಗೇಜ್ ನೋಡಿ. ಟ್ರೇಲರ್ ಇಲ್ಲದ ಒಂಟಿ ಲಾರಿಯಲ್ಲಿ 2 ಪಿಎಸ್‌ಐಗಿಂತ ಜಾಸ್ತಿ ಇಳಿಯಬಾರದು. ಸೋಪಿನ ನೀರು ಹಚ್ಚಿದರೆ ಸೋರುವ ಜಾಗ ಸಿಗುತ್ತದೆ.

## ಪಂಪು, ನಾಝಲ್, ಆಯಿಲ್

ನಾಝಲ್ ಕೆಟ್ಟಿದೆ ಅಂತ ಬಿಚ್ಚದೇ ಹೇಗೆ ತಿಳಿಯೋದು?

ಹಳೇ ಮೆಕ್ಯಾನಿಕಲ್ ಪಂಪಿನ ಎಂಜಿನ್ನಿನಲ್ಲಿ ಒಂದೊಂದೇ ಪೈಪಿನ ನಟ್ ಸಡಿಲಿಸಿ ನೋಡುತ್ತಿದ್ದರು. ಸಡಿಲಿಸಿದರೂ ಎಂಜಿನ್ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಕಾಮನ್ ರೈಲ್ ಗಾಡಿಯಲ್ಲಿ (ಎಲ್ಲಾ ನಾಝಲಿಗೂ ಒಂದೇ ಜೋರು ಒತ್ತಡದ ಪೈಪಿನಿಂದ ಡೀಸೆಲ್ ಹೋಗುವಂಥದ್ದು) ಈ ಕೆಲಸ ಯಾವತ್ತೂ ಮಾಡಬೇಡಿ. ಅಲ್ಲಿ ಒತ್ತಡ 1,600 ಬಾರ್ ದಾಟುತ್ತದೆ. ಸೂಜಿಯಂಥ ಆ ಧಾರೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಸೋರುತ್ತಿದೆಯಾ ಅಂತ ಕೈ ಹಿಡಿದು ನೋಡುವುದೂ ಬೇಡ.

ಕಾಮನ್ ರೈಲಿಗೆ ಎರಡು ಪರೀಕ್ಷೆ ಇವೆ. ಸ್ಕ್ಯಾನರ್ ಹಾಕಿ ಒಂದೊಂದೇ ಸಿಲಿಂಡರನ್ನು ನಿಲ್ಲಿಸಿ ನೋಡುವುದು ಒಂದು. ನಾಝಲುಗಳ ರಿಟರ್ನ್ ಡೀಸೆಲನ್ನು ಬೇರೆ ಬೇರೆ ಬಾಟಲಿಗೆ ಹಿಡಿದು ಹೋಲಿಸುವುದು ಇನ್ನೊಂದು. ಒಂದು ಬಾಟಲಿ ಮಾತ್ರ ಬೇಗ ತುಂಬಿದರೆ ಅದರ ಇಂಜೆಕ್ಟರ್ (ನಾಝಲ್ ಕೂತಿರುವ ಭಾಗ) ಒಳಗೇ ಸೋರುತ್ತಿದೆ. ನಾಝಲಿನ ತೂತು 0.1 ರಿಂದ 0.3 ಮಿಲಿಮೀಟರ್ ಅಷ್ಟೇ. ಕೊಳೆ, ನೀರು ಇರುವ ಡೀಸೆಲ್ ಅದನ್ನು ಬೇಗ ಹಾಳು ಮಾಡುತ್ತದೆ. ಮಂಜಿನ ಹಾಗೆ ಸಿಂಪಡಿಸಬೇಕಾದ ನಾಝಲ್ ಹನಿ ಹನಿಯಾಗಿ ತೊಟ್ಟಿಕ್ಕಲು ಶುರು ಮಾಡಿದರೆ ಡೀಸೆಲ್ ಪೂರ್ತಿ ಸುಡುವುದಿಲ್ಲ.

ಡಿಪ್ ಸ್ಟಿಕ್ಕಲ್ಲಿ ಆಯಿಲ್ ಕಮ್ಮಿ ಆಗೋ ಬದಲು ಜಾಸ್ತಿ ಆಗಿದೆ. ಹೇಗೆ?

ಡೀಸೆಲ್ ಆಯಿಲಿಗೆ ಸೇರುತ್ತಿದೆ. ಮೂಸಿ ನೋಡಿ, ವಾಸನೆ ಗೊತ್ತಾಗುತ್ತದೆ. ಪಂಪಿನ ಸೀಲ್, ಇಂಜೆಕ್ಟರಿನ ಸೀಲ್, ತೊಟ್ಟಿಕ್ಕುವ ನಾಝಲ್, ಡಿಪಿಎಫ್ ಗಾಡಿಯಲ್ಲಾದರೆ ಅರ್ಧಕ್ಕೇ ನಿಂತುಹೋದ ರೀಜೆನ್ (ಫಿಲ್ಟರಿನ ಮಸಿ ಸುಡುವ ಕೆಲಸ) ಕಾರಣ ಇರಬಹುದು. ವಾಸನೆ ಇಲ್ಲದೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೇರಿರುವುದು ನೀರು. ಎರಡರಲ್ಲೂ ಗಾಡಿ ಓಡಿಸಬೇಡಿ. ತೆಳುವಾದ ಆಯಿಲಿನಲ್ಲಿ ಬೇರಿಂಗ್ ಉಳಿಯುವುದಿಲ್ಲ.

## ಆಳದ ಪ್ರಶ್ನೆಗಳು

ಟೈಮಿಂಗ್, ಟ್ಯಾಪೆಟ್, ಕಂಪ್ರೆಷನ್, ಇದರಲ್ಲಿ ಮೊದಲು ಯಾವುದನ್ನು ನೋಡಿಸಲಿ?

ಟ್ಯಾಪೆಟ್, ಅಂದರೆ ವಾಲ್ವಿಗೆ ಬಿಟ್ಟಿರುವ ಸಂದು. ಸುಲಭ, ಖರ್ಚೂ ಕಮ್ಮಿ. ಬಿಗಿ ಇದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ (ಸಿಲಿಂಡರಿನಲ್ಲಿ ಒತ್ತಿದ ಗಾಳಿ) ಸೋರುತ್ತದೆ. ಸಡಿಲ ಇದ್ದರೆ ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ.

ಆಮೇಲೆ ಕಂಪ್ರೆಷನ್. ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ಬಿಚ್ಚಿ ಅಲ್ಲೇ ತಲೆಕೆಳಗಾಗಿ ಇಡಿ. ಅದು ಜೋರಾಗಿ ಕುಣಿದರೆ, ಹೊಗೆ ಒತ್ತಿಕೊಂಡು ಬಂದರೆ ರಿಂಗು ಸವೆದಿರುವ ಅನುಮಾನ. ಗೇಜ್ ಹಾಕಿ ಸಿಲಿಂಡರ್ ಸಿಲಿಂಡರಿಗೆ ಹೋಲಿಸಿದರೆ ಖಚಿತವಾಗುತ್ತದೆ.

ಟೈಮಿಂಗ್ ಕೊನೆಗೆ, ಅದೂ ಪಂಪು ಬಿಚ್ಚಿ ಹಾಕಿದ ಹಳೇ ಎಂಜಿನ್ನುಗಳಲ್ಲಿ. ತಡವಾಗಿ ಸಿಂಪಡಿಸಿದ ಡೀಸೆಲ್ ಪಿಸ್ಟನ್ ಕೆಳಗಿಳಿಯುವಾಗ ಸುಡುತ್ತದೆ. ತಳ್ಳುವ ಶಕ್ತಿ ಸಿಗುವುದಿಲ್ಲ, ಬಿಸಿಯೆಲ್ಲ ಸೈಲೆನ್ಸರಿಗೆ ಹೋಗುತ್ತದೆ.

ಡಿಪಿಎಫ್ ಪದೇ ಪದೇ ರೀಜೆನ್ ಕೇಳ್ತಿದೆ. ಅದನ್ನೇ ತೆಗೆದುಬಿಟ್ಟರೆ?

ರೀಜೆನ್ ಅಂದರೆ ಫಿಲ್ಟರನ್ನು 600 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಮಸಿ ಸುಡುವುದು. ಅದಕ್ಕೆ ಡೀಸೆಲ್ ಹೋಗುತ್ತದೆ, ನಿಜ. ಆದರೆ ಪದೇ ಪದೇ ಕೇಳುತ್ತಿದ್ದರೆ ತಪ್ಪು ಫಿಲ್ಟರಿನದಲ್ಲ. ಎಲ್ಲೋ ಮಸಿ ಜಾಸ್ತಿ ಹುಟ್ಟುತ್ತಿದೆ. ಇಂಟರ್‌ಕೂಲರ್ ಪೈಪಿನ ಸೋರಿಕೆ, ತೆರೆದೇ ನಿಂತ ಇಜಿಆರ್ ವಾಲ್ವ್ (ಒಂದಿಷ್ಟು ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವುದು), ಆಯಿಲ್ ಬಿಡುವ ಟರ್ಬೋ, ತಣ್ಣಗೆ ಓಡುವ ಎಂಜಿನ್, ಈ ನಾಲ್ಕನ್ನು ನೋಡಿಸಿ. ಹಳೇ ಫಿಲ್ಟರಿನಲ್ಲಿ ಬೂದಿಯೂ ತುಂಬಿರಬಹುದು. ಬೂದಿ ರೀಜೆನ್ನಿನಲ್ಲಿ ಸುಡುವುದಿಲ್ಲ, ಬಿಚ್ಚಿ ತೊಳೆಸಬೇಕು. ಫಿಲ್ಟರ್ ತೆಗೆದುಬಿಟ್ಟರೆ ಆ ಮಸಿ ರಸ್ತೆಯಲ್ಲಿ ಹೋಗುವವರ ಎದೆಗೆ ಹೋಗುತ್ತದೆ. ಮೂಲ ತೊಂದರೆ ಹಾಗೇ ಉಳಿಯುತ್ತದೆ.

ಗೇರ್‌ಬಾಕ್ಸ್, ಹೌಸಿಂಗಲ್ಲೂ ಡೀಸೆಲ್ ಹೋಗುತ್ತಾ?

ಹೋಗುತ್ತದೆ. ಮಟ್ಟಕ್ಕಿಂತ ಜಾಸ್ತಿ ಆಯಿಲ್ ಹಾಕಿದರೆ ಗೇರುಗಳು ಅದನ್ನು ಕಡೆಯುತ್ತಲೇ ಇರುತ್ತವೆ. ಹೇಳಿದ್ದಕ್ಕಿಂತ ಗಟ್ಟಿ ಗ್ರೇಡ್ ಹಾಕಿದರೂ ಹಾಗೆಯೇ. ಕ್ಲಚ್ ಜಾರುವುದು ಇನ್ನೊಂದು. ಏರಿನಲ್ಲಿ ಮೇಲಿನ ಗೇರಲ್ಲಿ ಆಕ್ಸಲರೇಟರ್ ಒತ್ತಿದಾಗ ಎಂಜಿನ್ ಸುತ್ತು ಏರಿ ಗಾಡಿ ವೇಗ ಏರದಿದ್ದರೆ ಜಾರುತ್ತಿದೆ. ಪೆಡಲಿನಲ್ಲಿ ಆಟ ಇದೆಯಾ ಮೊದಲು ನೋಡಿ.

ಬೇರೆ ರೇಷಿಯೋದ ಹೌಸಿಂಗ್ ಹಾಕಿದ್ರೆ ಮೈಲೇಜ್ ಬರುತ್ತಾ?

ಕೆಲಸ ನೋಡಿ ಹೇಳಬೇಕು. ಸುಮಾರು 1 ಮೀಟರ್ ವ್ಯಾಸದ ಟೈರು 60 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 310 ಸುತ್ತು ತಿರುಗುತ್ತದೆ. ಟಾಪ್ ಗೇರ್ ನೇರ ಇದ್ದರೆ (ಎಂಜಿನ್ ಸುತ್ತಿದಷ್ಟೇ ಗೇರ್‌ಬಾಕ್ಸಿನಿಂದ ಹೊರಬಂದರೆ), 5.3 ರೇಷಿಯೋದಲ್ಲಿ, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ 5.3 ಸುತ್ತು ಹೊಡೆದರೆ, ಎಂಜಿನ್ ಸುಮಾರು 1,650 ಸುತ್ತು. 4.4 ರಲ್ಲಿ ಸುಮಾರು 1,370. ಸಮತಟ್ಟು ಹೆದ್ದಾರಿಯಲ್ಲಿ ಓಡುವ ಗಾಡಿಗೆ ಎರಡನೆಯದು ಖಂಡಿತ ಉಳಿತಾಯ. ಘಟ್ಟ, ಗಣಿ, ಕಟ್ಟಡದ ಕೆಲಸಕ್ಕೆ ಹೋಗುವ ಗಾಡಿಗೆ ಅದೇ ಹೌಸಿಂಗ್ ಹಾಕಿದರೆ ಎಂಜಿನ್ ಒದ್ದಾಡುತ್ತದೆ, ಕ್ಲಚ್ ಸುಡುತ್ತದೆ, ಇಡೀ ದಿನ ಕೆಳಗಿನ ಗೇರಿನಲ್ಲೇ ಓಡಿ ಡೀಸೆಲ್ ಜಾಸ್ತಿಯೇ ಹೋಗುತ್ತದೆ. ಹಾಕಿಸುವುದಾದರೆ ಸ್ಪೀಡೋಮೀಟರನ್ನೂ ಹೊಸ ರೇಷಿಯೋಗೆ ಹೊಂದಿಸಿ. ಗೇರ್‌ಬಾಕ್ಸಿನಿಂದ ಲೆಕ್ಕ ತಗೊಳ್ಳುವ ಮೀಟರ್ ಆಗಿದ್ದರೆ, ಹೊಂದಿಸದೆ ಬಿಟ್ಟಲ್ಲಿ ಅದು ಓಡಿದ್ದಕ್ಕಿಂತ ಕಮ್ಮಿ ಕಿಲೋಮೀಟರ್ ತೋರಿಸುತ್ತದೆ. ಬಂದ ಉಳಿತಾಯವೂ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ.